ಕುರ್ಚಿಯೊಳಗೆ ಹೊಲಿದಿಟ್ಟ ಮನೆ

ಆ ಬೀದಿಯ ಹೆಂಗಸರಿಗೆಲ್ಲ ಅವಳು ಕತ್ತರಿ ಅಕ್ಕ. ಕೈಯಲ್ಲಿದ್ದ ಕತ್ತರಿಗಿಂತ ಬಾಯಲ್ಲಿದ್ದದ್ದು ಹರಿತ ಎಂದು ಕೆಲವರು ಹೇಳುವುದುಂಟು, ಅದೇನೂ ಪೂರ್ತಿ ಸುಳ್ಳಲ್ಲ. ಎರಡು ಕನ್ನಡಿ, ಎರಡು ಕುರ್ಚಿ, ಬಿಸಿನೀರಿನ ಒಂದು ನಲ್ಲಿ, ಕಾಯುವವರಿಗೊಂದು ಬೆಂಚು: ಇಷ್ಟೇ ಅವಳ ಪಾರ್ಲರು. ಆದರೆ ತಲೆಗೆ ನೀರು ಹಾಕಿ ಕುತ್ತಿಗೆಗೆ ಬಟ್ಟೆ ಕಟ್ಟಿದರೆ ಎಂಥ ಗಟ್ಟಿ ಹೆಂಗಸಾದರೂ ಮನೆಯ ಗುಟ್ಟನ್ನೆಲ್ಲ ತಾನಾಗಿ ಬಿಚ್ಚಿಡುತ್ತಾಳೆ. ಅಪ್ಪ ಸತ್ತ ಮೇಲೆ ಅಣ್ಣತಮ್ಮಂದಿರು ಒಂದು ಬೀರುವಿಗಾಗಿ ಮಾತು ಬಿಟ್ಟದ್ದು, ಅತ್ತೆಯ ಬಳೆ ಯಾವ ಸೊಸೆಯ ಕೈ ಸೇರಿತೆಂಬುದು, ಹೀಗೆ ಅವಳ ಕಿವಿಗೆ ಬೀಳದ ಆಸ್ತಿ ಜಗಳ ಆ ಸುತ್ತಿನಲ್ಲಿ ಇರಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು, "ಇದ್ದಾಗ ಬರೆದಿಡಬೇಕು ಕಣಮ್ಮಾ, ಹೋದ ಮೇಲೆ ಎಬ್ಬಿಸಿ ಕೇಳೋಕಾಗುತ್ತಾ?" ಎನ್ನುತ್ತಿದ್ದಳು.

ಊರಿಗೆಲ್ಲ ಬುದ್ಧಿ ಹೇಳುವುದು ಸುಲಭ. ಅವಳ ಈ ಮಾತಿನ ಹಿಂದೆ ಮಾತ್ರ ಒಂದು ಹಳೆಯ ಗಾಯವಿತ್ತು. ಮೊದಲ ಗಂಡ ಚಿಕ್ಕ ವಯಸ್ಸಿನಲ್ಲೇ, ಹೇಳದೆ ಕೇಳದೆ ತೀರಿಕೊಂಡಿದ್ದ. ಅವರಿದ್ದ ಮನೆ ಮಾವನ ಹೆಸರಲ್ಲಿತ್ತು. ಅವಳ ಬಗ್ಗೆ ಯಾವ ಕಾಗದದಲ್ಲೂ ಒಂದಕ್ಷರವಿರಲಿಲ್ಲ. ಮೈದುನಂದಿರು ಕೆಟ್ಟವರೇನಲ್ಲ. ಬಹಳ ಮರ್ಯಾದೆಯಿಂದಲೇ ಅವಳ ಪೆಟ್ಟಿಗೆಯನ್ನು ಗೇಟಿನ ತನಕ ಹೊತ್ತು ತಂದುಕೊಟ್ಟರು. ಅಂದು ಬೀದಿಯಲ್ಲಿ ಪೆಟ್ಟಿಗೆಯ ಮೇಲೆ ಕೂತು ಬಸ್ಸಿಗೆ ಕಾದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಎರಡನೆಯ ಗಂಡನೊಬ್ಬನಿಗೆ ಬಿಟ್ಟು.

ಎರಡನೆಯ ಗಂಡ ಸೋಫಾ ಕೆಲಸದವರು. ಪಾರ್ಲರಿನ ಕುರ್ಚಿಯ ರೆಕ್ಸಿನ್ ಹರಿದಾಗ ಬಂದವರು, ಹೆಂಡತಿ ತೀರಿಹೋಗಿ ಒಬ್ಬ ಮಗನನ್ನು ಸಾಕುತ್ತಿದ್ದವರು. ಹರಿದದ್ದು ಒಂದೇ ಕುರ್ಚಿ, ಅವರು ರಿಪೇರಿಗೆ ಬಂದದ್ದು ಮಾತ್ರ ನಾಲ್ಕು ಸಲ. ನಾಲ್ಕನೆಯ ಸಲ ಹೊಲಿಯಲು ಏನೂ ಇರಲಿಲ್ಲವಾದ್ದರಿಂದ ವಿಧಿಯಿಲ್ಲದೆ ಮದುವೆಯ ಮಾತೆತ್ತಿದರು. ಮಗನಿಗೆ ಆಗ ಮೀಸೆ ಚಿಗುರುವ ವಯಸ್ಸು. ಅವನು ಎದುರಾಡಲಿಲ್ಲ, ಮುಖ ತಿರುಗಿಸಲಿಲ್ಲ. ಊಟ ಆಯ್ತಾ ಎಂದರೆ ಆಯ್ತು, ಇನ್ನೊಂದಿಷ್ಟು ಬೇಕಾ ಎಂದರೆ ಬೇಡ. ಮಾತನ್ನು ಬಟ್ಟೆಯ ಹಾಗೆ ಅಳೆದು ಕತ್ತರಿಸಿ ಕೊಡುವ ಹುಡುಗ. ಅವಳೂ ಮೇಲೆ ಬಿದ್ದು ತಾಯಿಯಾಗಲು ಹೋಗಲಿಲ್ಲ. ವರ್ಷಗಳು ಉರುಳಿದವು. ಈಗ ಅಪ್ಪನ ಅಂಗಡಿಯನ್ನು ಅವನೇ ನಡೆಸುತ್ತಾನೆ, ಅಂಗಡಿಯ ಮೇಲಿನ ಕೋಣೆಯಲ್ಲೇ ಇರುತ್ತಾನೆ.

ಅವರು ಈಗಿದ್ದ ಮನೆ ಅವಳ ಯಜಮಾನರ ಹೆಸರಲ್ಲಿ ಮಾತ್ರ ಇತ್ತು. ಮೊದಲ ಹೆಂಡತಿಯಿದ್ದಾಗ ಕಟ್ಟಿಸಿದ್ದು. ಕತ್ತರಿ ಅಕ್ಕ ಅದರ ಗೋಡೆಗೆ ಬಣ್ಣ ಬಳಿಸಿದ್ದಳು, ಸೋರುವ ಹೆಂಚು ಬದಲಾಯಿಸಿದ್ದಳು. ಆದರೂ ನೆಲ ಒರೆಸುವಾಗ ಒಮ್ಮೊಮ್ಮೆ ಕೈ ನಿಲ್ಲುತ್ತಿತ್ತು: ಇವರಿಗೇನಾದರೂ ಆದರೆ ಮತ್ತೆ ಅದೇ ಪೆಟ್ಟಿಗೆ, ಅದೇ ಗೇಟು. ಮಗ ಒಳ್ಳೆಯವನೇ ಇರಬಹುದು. ಮೈದುನಂದಿರೂ ಒಳ್ಳೆಯವರೇ ಆಗಿದ್ದರಲ್ಲ.

ದಾರಿ ತೋರಿಸಿದ್ದು ಅವಳದೇ ಗಿರಾಕಿ, ಒಬ್ಬ ವಕೀಲಮ್ಮ. ತಲೆ ಬಗ್ಗಿಸಿಕೊಂಡೇ ಪಾಠ ಮಾಡಿದರು: "ಗಂಡ ಹೆಂಡತಿ ಸೇರಿ ಒಂದು ಫ್ಯಾಮಿಲಿ ಟ್ರಸ್ಟ್ ಮಾಡ್ಕೊಳ್ಳಿ. ಮನೆ, ಅಂಗಡಿ, ಉಳಿತಾಯ ಎಲ್ಲ ಅದರ ಹೆಸರಿಗೆ. ಬದುಕಿರೋವರೆಗೂ ಯಜಮಾನಿಕೆ ನಿಮ್ಮಿಬ್ಬರದೇ, ಬೇಡ ಅನ್ನಿಸಿದ್ರೆ ಬದಲಾಯಿಸಬಹುದು. ಒಬ್ಬರು ಹೋದ್ರೆ ಉಳಿದವರು ಕೊನೇ ತನಕ ಆ ಮನೇಲಿ ಇರ್ತಾರೆ, ಯಾರೂ ಎಬ್ಬಿಸೋ ಹಾಗಿಲ್ಲ. ಆಮೇಲೆ ಮನೆ ಮಗನಿಗೆ."

"ಕೊನೇ ತನಕ ಅಂತ ಹಾಗೇ ಬರೀತೀರಾ?"

"ಹಾಗೇ ಬರೀತೀನಿ. ಮೊದಲು ಕಿವಿ ಹತ್ತಿರ ನೋಡ್ಕೊಂಡು ಕತ್ತರಿಸಿ."

ಯಜಮಾನರನ್ನು ಒಪ್ಪಿಸುವುದು ಕಷ್ಟವಾದೀತು ಎಂದುಕೊಂಡಿದ್ದಳು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಯಿತು. "ನೀನು ನೆಮ್ಮದಿಯಾಗಿ ನಿದ್ದೆ ಮಾಡ್ತೀಯಾ ಅಂದ್ರೆ ಹತ್ತು ಕಡೆ ಸಹಿ ಹಾಕ್ತೀನಿ" ಎಂದು ಹೊರಟೇಬಿಟ್ಟರು. ತೊಡಕಾದದ್ದು ವಕೀಲಮ್ಮನ ಆಫೀಸಿನಲ್ಲಿ, ಒಂದೇ ಒಂದು ಪ್ರಶ್ನೆಗೆ. "ನಿಮ್ಮಲ್ಲಿ ಒಬ್ಬರು ಇಲ್ಲವಾದ ಮೇಲೆ, ಉಳಿದವರ ಜೊತೆ ನಿಂತು ಇದನ್ನೆಲ್ಲ ನೋಡ್ಕೊಳ್ಳೋರು ಯಾರು? ಮಗನ ಹೆಸರು ಬರೀಲಾ?"

ಯಜಮಾನರು ಹೆಂಡತಿಯ ಮುಖ ನೋಡಿದರು. ಅವಳ ಬಾಯಿ ಮನಸ್ಸಿಗಿಂತ ಮುಂಚೆ ಓಡಿತು. "ಬೇಡ ಮೇಡಂ, ನೀವೇ ಇರಿ." ಯಜಮಾನರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡು ಸಹಿ ಹಾಕಿದರು. ಮಗನಿಗೆ ಈ ವಿಷಯ ಹೇಳುವುದು ಬೇಡವೆಂದು ಇಬ್ಬರೂ ಮಾತಾಡಿಕೊಳ್ಳಲೂ ಇಲ್ಲ, ಸುಮ್ಮನೆ ಹೇಳಲಿಲ್ಲ.

ಹೊರಡುವಾಗ ವಕೀಲಮ್ಮ ಬಾಗಿಲ ತನಕ ಬಂದು ಎಚ್ಚರಿಸಿದರು. "ನೋಡಿ, ಈಗ ಆಗಿರೋದು ಡಬ್ಬಿ ಮಾತ್ರ. ಡಬ್ಬಿ ಇನ್ನೂ ಖಾಲಿ. ಮನೆ ಮೂಲಪತ್ರ ತನ್ನಿ, ಮನೇನ ಟ್ರಸ್ಟಿನ ಹೆಸರಿಗೆ ನೋಂದಣಿ ಮಾಡಿಸೋಣ. ಅಲ್ಲೀವರೆಗೂ ಇದಕ್ಕೆ ಬೆಲೆಯಿಲ್ಲ."

"ನಾಳೇನೇ ತರ್ತೀನಿ" ಎಂದರು ಯಜಮಾನರು. ನಾಳೆ ಎಂದವನ ಮನೆ ಹಾಳು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನಾಳೆ ಒಂದು ಮದುವೆ ಮಂಟಪದ ಕುರ್ಚಿಗಳು ಬಂದವು, ನಾಡಿದ್ದು ಮಂಡಿನೋವು ಬಂತು, ಆಮೇಲೆ ಮರೆವು ಬಂತು. ತಿಂಗಳುಗಳು ಹೋದವು.

ಕೊನೆಗೆ ಬಂದದ್ದು ಎದೆನೋವು. ಆಸ್ಪತ್ರೆಗೆ ಸೇರಿಸಿಕೊಂಡು, ರಕ್ತದ ಸಕ್ಕರೆ ಇಳಿಯಲಿ, ಆಮೇಲೆ ಆಪರೇಷನ್ ಎಂದರು. ಈಗಲೇ ಹೇಳಿಬಿಡುವುದು ಒಳ್ಳೆಯದು, ಓದುವವರ ಎದೆಯೂ ಸುಮ್ಮನೆ ಹೊಡೆದುಕೊಳ್ಳುವುದು ಬೇಡ: ಯಜಮಾನರಿಗೆ ಏನೂ ಆಗಲಿಲ್ಲ, ಇವತ್ತಿಗೂ ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಮಾತಾಡುತ್ತಾರೆ. ಆದರೆ ಅಂದು ಅದು ಯಾರಿಗೆ ಗೊತ್ತಿತ್ತು? ಕತ್ತರಿ ಅಕ್ಕ ಮನೆಗೂ ಆಸ್ಪತ್ರೆಗೂ ಓಡಾಡಿದಳು. ಅವರು ವಾಪಸ್ಸು ಬಂದ ಮೇಲೆ ಮಹಡಿ ಹತ್ತಬಾರದು ಎಂದು ಡಾಕ್ಟರು ಹೇಳಿದ್ದರಿಂದ ಮುಂದಿನ ಕೋಣೆಯಲ್ಲಿ ಮಂಚ ಹಾಕಿಸಿದಳು. ಜಾಗ ಸಾಲದೆ ಅಲ್ಲಿದ್ದ ಅಗಲ ಕೈಯ ಹಳೇ ಕುರ್ಚಿಯನ್ನು ಅಂಗಡಿಗೆ ಕಳಿಸಿ, ಬಟ್ಟೆ ಬದಲಾಯಿಸಿ ಯಾರಿಗಾದರೂ ಮಾರಿಬಿಡು ಎಂದು ಮಗನಿಗೆ ಫೋನಿನಲ್ಲಿ ಹೇಳಿದಳು. "ಸರಿ" ಎಂದ ಅವನು. ಯಾವಾಗಲೂ ಅಷ್ಟೇ ತಾನೆ.

ಆಪರೇಷನ್ ದಿನ ಗೊತ್ತಾದ ಮೇಲೆ ಅವಳಿಗೆ ಡಬ್ಬಿಯ ನೆನಪು ಬಂತು. ಫೋನು ಮಾಡಿದಾಗ ವಕೀಲಮ್ಮ, ಮೂಲಪತ್ರ ಸಿಕ್ಕರೆ ನೋಂದಣಿ ಕಚೇರಿಯವರನ್ನು ಆಸ್ಪತ್ರೆಗೇ ಕರೆತರುತ್ತೇನೆ, ನಕಲು ತೆಗೆಸಲು ಹೋದರೆ ಬಹಳ ದಿನ ಹಿಡಿಯುತ್ತದೆ ಎಂದರು.

"ರೀ, ಮನೆ ಪತ್ರ ಎಲ್ಲಿಟ್ಟಿದ್ದೀರಿ?"

"ಭದ್ರವಾಗಿದೆ ಕಣೇ."

"ಭದ್ರ ಅಂದ್ರೆ ಎಲ್ಲಿ?"

ಯಜಮಾನರು ಆ ನೋವಿನಲ್ಲೂ ಹೆಮ್ಮೆಯಿಂದ ನಕ್ಕರು. "ಮುಂದಿನ ಕೋಣೇಲಿ ದೊಡ್ಡ ಕುರ್ಚಿ ಇಲ್ವಾ, ಅದರ ಸೀಟಿನೊಳಗೆ. ಟ್ರಸ್ಟ್ ಪತ್ರಾನೂ ಅಲ್ಲೇ. ಪ್ಲಾಸ್ಟಿಕ್ ಸುತ್ತಿ ಹೊಲಿದಿಟ್ಟಿದ್ದೀನಿ. ಕಳ್ಳ ಬಂದ್ರೆ ಬೀರು ಒಡೀತಾನೆ, ಕುರ್ಚಿ ಬಿಚ್ತಾನಾ?"

ಅವಳು ಮಂಚದ ಕಂಬಿ ಹಿಡಿದುಕೊಂಡು "ಒಳ್ಳೇದು, ತಂದ್ಬಿಡ್ತೀನಿ" ಎಂದಳು. ಎದೆನೋವಿನವರಿಗೆ ಇದಕ್ಕಿಂತ ಹೆಚ್ಚು ಹೇಳುವುದು ಹೇಗೆ?

ಬಸ್ಸಿನಲ್ಲಿ ಕೂತವಳಿಗೆ ಯಾವ ನಿಲ್ದಾಣ ಬಂತು ಹೋಯಿತೆಂಬ ಪರಿವೆಯಿಲ್ಲ. ಕುರ್ಚಿ ಮಾರಿಹೋಗಿದ್ದರೆ? ಮಾರಿಲ್ಲ, ಬಿಚ್ಚಿದ್ದಾನೆ, ಓದಿದ್ದಾನೆ ಎಂದಾದರೆ? ಮನೆ ಸದ್ಯಕ್ಕೆ ಅವನಿಗೆ ಬರುವುದಿಲ್ಲವೆಂದು ಅದರಲ್ಲಿ ಅಚ್ಚಾಗಿದೆ. ಪತ್ರ ಸಿಗದಿದ್ದರೆ, ಅಪ್ಪ ಏಳದಿದ್ದರೆ, ಎಲ್ಲ ಅವನ ಕೈಯಲ್ಲೇ. "ಏನೂ ಇರಲಿಲ್ಲವಲ್ಲ" ಎಂದು ಒಂದು ಮಾತು ಅಂದರೆ ಮುಗಿಯಿತು. ಅವನಿಗೆ ಅಷ್ಟು ಮಾತು ಸಾಕು. ಕುರ್ಚಿ ಕಳಿಸಿದ್ದು ತಾನೇ, ಇನ್ನು ಯಾರನ್ನು ದೂರುವುದು? ತನ್ನ ತಲೆಯ ಮೇಲೆ ತಾನೇ ಕಲ್ಲು ಹಾಕಿಕೊಂಡಂತಾಗಿತ್ತು.

ಅಂಗಡಿಯಲ್ಲಿ ಅವನು ಮಂಡಿಯೂರಿ ಒಂದು ಸೋಫಾಗೆ ಮೊಳೆ ಹೊಡೆಯುತ್ತಿದ್ದ, ಥೇಟ್ ಅಪ್ಪನ ಹಾಗೆ ತುಟಿಯ ನಡುವೆ ಮೊಳೆ ಕಚ್ಚಿಕೊಂಡು. ಅವಳನ್ನು ಕಂಡು ಎದ್ದ, ಮೊಳೆಗಳನ್ನು ಅಂಗೈಗೆ ಉಗಿದುಕೊಂಡ. "ಅಪ್ಪ ಹೇಗಿದ್ದಾರೆ?"

"ಚೆನ್ನಾಗಿದ್ದಾರೆ. ಆ ದೊಡ್ಡ ಕುರ್ಚಿ... ಮಾರಿಬಿಟ್ಯಾ?"

ಅವನು ಸುತ್ತಿಗೆಯಿಂದ ಮೂಲೆಗೆ ತೋರಿಸಿದ. ಕುರ್ಚಿ ಹೊಸ ನೀಲಿ ಬಟ್ಟೆ ತೊಟ್ಟು ಕೂತಿತ್ತು. ಕೈಯ ಮೇಲೆ ಒಂದು ಚೀಟಿ: ಮಾರಾಟಕ್ಕಿಲ್ಲ.

"ಒಳಗಿದ್ದದ್ದು ಒಳಗೇ ಇದೆ" ಎಂದ.

ಅವಳು ಅಲ್ಲೇ ಸ್ಪಂಜಿನ ರಾಶಿಯ ಮೇಲೆ ಕೂತಳು. "ನೋಡಿದ್ಯಾ?"

"ಸೀಟು ಬಿಚ್ಚದೆ ಬಟ್ಟೆ ಹೇಗೆ ಹಾಕ್ಲಿ? ಬಂದ ದಿನಾನೇ ನೋಡಿದೆ."

"ಓದಿದ್ಯಾ?"

"ಓದಿದೆ. ಎರಡು ಸಲ." ಅವನು ಅಂಗೈಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ಡಬ್ಬಕ್ಕೆ ಹಾಕಿದ. "ನೀವಿರೋವರೆಗೂ ಮನೆ ನಿಮ್ಮದು, ಆಮೇಲೆ ನನ್ನದು. ಅದು ಸರಿಯಾಗೇ ಇದೆ. ನೋಡ್ಕೊಳ್ಳೋರು ಅನ್ನೋ ಜಾಗದಲ್ಲಿ ವಕೀಲರ ಹೆಸರಿತ್ತು. ಅಲ್ಲಿ ನನ್ನ ಹೆಸರೂ ಇರಬಹುದೇನೋ ಅಂತ ಎರಡನೇ ಸಲ ಓದಿದೆ."

ಕತ್ತರಿ ಅಕ್ಕನ ಬಾಯಿ, ಆ ಬೀದಿಯೇ ಹೆದರುವ ಬಾಯಿ, ಮೆತ್ತಗಾಯಿತು. "ಯಾಕಪ್ಪಾ ಹೇಳಲಿಲ್ಲ?" ಎಂದು ಕೇಳಿದಳು.

"ಹೊಲಿದಿಟ್ಟಿದ್ದೀರಿ ಅಂದ್ರೆ ನನಗೆ ಗೊತ್ತಾಗಬಾರದು ಅಂತ ತಾನೆ? ಅದಕ್ಕೇ ಇದ್ದ ಹಾಗೇ ಮತ್ತೆ ಹೊಲಿದೆ. ಅಪ್ಪ ಮನೆಗೆ ಬಂದ ಮೇಲೆ ಕುರ್ಚಿ ತಂದು ಇಟ್ಟುಬಿಡೋಣ ಅಂತಿದ್ದೆ. ಒಬ್ರು ಬಂದು ಕೇಳಿದ್ರು, ಒಳ್ಳೇ ಬೆಲೆ ಕೊಡ್ತೀನಿ ಅಂದ್ರು. ಕೊಡಲ್ಲ ಅಂದೆ."

ಅವಳು ಅತ್ತಳು. ನಾಚಿಕೆಗೆ ಅತ್ತಳೋ ಸಂತೋಷಕ್ಕೋ ಎಂದು ಕೇಳಿದರೆ, ಎರಡಕ್ಕೂ. ಇಷ್ಟು ವರ್ಷ ಒಂದೇ ಸೂರಿನಡಿ ಬೆಳೆದ ಹುಡುಗನನ್ನು, ಎಂದೋ ಪೆಟ್ಟಿಗೆ ಹೊತ್ತು ತಂದವರ ಸಾಲಿನಲ್ಲಿ ನಿಲ್ಲಿಸಿದ್ದಳಲ್ಲ. "ಅಪ್ಪನ ತಪ್ಪಲ್ಲ. ನಿನ್ನ ಹೆಸರು ಬೇಡ ಅಂದದ್ದು ನಾನು" ಎಂದು ಕಣ್ಣೊರೆಸಿಕೊಂಡು, ಆ ಗೇಟಿನ ಕಥೆಯನ್ನು ಮೊದಲಿಂದ ಹೇಳಿದಳು. ಅವನು ಸುತ್ತಿಗೆ ಕೆಳಗಿಟ್ಟು ಪೂರ್ತಿ ಕೇಳಿದ. ಸಮಾಧಾನದ ಮಾತು ಆಡಲು ಅವನಿಗೆ ಬರುತ್ತಿರಲಿಲ್ಲ. ಎದ್ದು ಹೋಗಿ ಪಕ್ಕದಂಗಡಿಯಿಂದ ಟೀ ತಂದುಕೊಟ್ಟು, ಕುರ್ಚಿಯನ್ನು ಮಗುಚಿ ಹಾಕಿದ. ಅವಳು ಅಭ್ಯಾಸಬಲದಿಂದ ಚೀಲದಲ್ಲಿದ್ದ ಕತ್ತರಿ ತೆಗೆಯಹೋದಾಗ ಮಾತ್ರ ಬಾಯಿ ಬಿಟ್ಟ. "ಅಯ್ಯೋ, ಅದರಲ್ಲಿ ಬೇಡ, ಹೊಸ ಬಟ್ಟೆ. ನಾನೇ ಬಿಚ್ತೀನಿ."

ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಯ ಕೋಣೆಯಲ್ಲಿ ಮದುವೆ ಮನೆಯಷ್ಟು ಜನ. ನೋಂದಣಿ ಕಚೇರಿಯವರು ಯಜಮಾನರ ಹೆಬ್ಬೆಟ್ಟು, ಸಹಿ, ಫೋಟೋ ಎಲ್ಲ ತೆಗೆದುಕೊಂಡರು. ಇನ್ನೊಂದು ಕಾಗದದಲ್ಲಿ, ತನಗೆ ಪ್ರಜ್ಞೆಯಿಲ್ಲದಾಗ ಚಿಕಿತ್ಸೆಯ ಬಗ್ಗೆ ಹೆಂಡತಿ ಹೇಳಿದಂತೆ ಮಾಡಬೇಕೆಂದು ಯಜಮಾನರು ಬರೆಸಿದರು. "ಪ್ರಜ್ಞೆ ಇರೋವಾಗಲೂ ಅದೇ ನಡೀತಿರೋದು" ಎಂದು ಸೇರಿಸಿದ್ದಕ್ಕೆ ನರ್ಸು ಕೂಡ ನಕ್ಕಳು. ಡಬ್ಬಿಗೆ ಕೊನೆಗೂ ಮನೆ ಬಿತ್ತು.

ವಕೀಲಮ್ಮ ಕಾಗದ ಮಡಚುತ್ತಿದ್ದಾಗ ಕತ್ತರಿ ಅಕ್ಕ ತಡೆದಳು. "ಮೇಡಂ, ಬದಲಾಯಿಸಬಹುದು ಅಂದಿದ್ರಲ್ಲ? ನೋಡ್ಕೊಳ್ಳೋರ ಜಾಗದಲ್ಲಿ ನಿಮ್ಮ ಹೆಸರು ತೆಗೆದು ಇವನ ಹೆಸರು ಹಾಕಿ."

ಯಜಮಾನರು ದಿಂಬಿನಿಂದ ತಲೆಯೆತ್ತಿದರು. ಹೆಂಡತಿಯನ್ನು ನೋಡಿದರು, ಮಗನನ್ನು ನೋಡಿದರು, ಏನೋ ಹೇಳಹೋಗಿ ಅದರ ಬದಲು ಕನ್ನಡಕ ಕೇಳಿದರು. ವಕೀಲಮ್ಮ ಅಲ್ಲೇ ಕೂತು ತಿದ್ದುಪಡಿ ಬರೆದು, ದಂಪತಿಗಳಿಬ್ಬರ ಸಹಿ ಹಾಕಿಸಿಕೊಂಡು ಮಗನ ಕಡೆ ತಿರುಗಿದರು. "ಇದು ಜವಾಬ್ದಾರಿ ಕಣಪ್ಪಾ, ಬಹುಮಾನ ಅಲ್ಲ. ಒಪ್ಪಿಗೆ ಇದ್ರೆ ಇಲ್ಲಿ ಸಹಿ ಹಾಕು."

ಅವನು ಪೆನ್ನು ತೆಗೆದುಕೊಂಡ. ಆದರೆ ಸಹಿ ಹಾಕಲಿಲ್ಲ. "ಇವರಿರೋವರೆಗೂ ಮನೆ ಇವರದ್ದೇ ತಾನೆ? ಯಾರೂ ಎಬ್ಬಿಸೋ ಹಾಗಿಲ್ಲ ಅಲ್ವಾ, ನಾನೂ ಸೇರಿ?"

"ಹೌದು. ಇಲ್ಲೇ ಬರೆದಿದೆಯಲ್ಲ. ನೀನೇ ಓದಿದ್ದೀಯಂತಲ್ಲ?"

"ನಾನು ಓದಿದ್ದೀನಿ ಮೇಡಂ. ನೀವು ಅದೊಂದನ್ನ ಇನ್ನೊಂದ್ಸಲ ಗಟ್ಟಿಯಾಗಿ ಓದಿ. ಇವರಿಗೆ ಕೇಳಿಸ್ಲಿ."

ವಕೀಲಮ್ಮ ಕನ್ನಡಕ ಸರಿಮಾಡಿಕೊಂಡು, ಆ ಸಾಲನ್ನು ಮೊದಲಿಂದ ಕೊನೆಯವರೆಗೆ, ಇಡೀ ಕೋಣೆಗೆ ಕೇಳಿಸುವಂತೆ ಓದಿದರು. ಅವನು ಕತ್ತರಿ ಅಕ್ಕನ ಮುಖವನ್ನೇ ನೋಡುತ್ತಿದ್ದ. ಅವಳು ಕೇಳಿಸಿತು ಎಂದು ತಲೆಯಾಡಿಸಿದ ಮೇಲೆ ಸಹಿ ಹಾಕಿದ.