ಕುಂಕುಮ ಕಟ್ಟಿದ ಸುಂಕದ ಚೀಟಿ

ನನಗೆ ಓದು ಬರುತ್ತದೆ ಎಂಬ ಜಂಭ ಒಂದಿಲ್ಲದಿದ್ದರೆ ನಮ್ಮ ಮನೆಗೆ ಆ ಹತ್ತು ದಿನಗಳ ಸಂಕಟ ಬರುತ್ತಲೇ ಇರಲಿಲ್ಲ. ಗೌರಿಬಿದನೂರಿನಲ್ಲಿ ಮಿಡ್ಲ್ ಸ್ಕೂಲು ಪಾಸು ಮಾಡಿ, ೧೯೬೧ರಲ್ಲಿ ಮದುವೆಯಾಗಿ ಚಿಂತಾಮಣಿಗೆ ಬಂದವಳು ನಾನು. ಬರುವಾಗ ಅಷ್ಟಿಷ್ಟು ಪಾತ್ರೆ ತಂದೆ, ಜಂಭವನ್ನು ಮಾತ್ರ ತುಂಬಿಕೊಂಡೇ ತಂದೆ.

ಅತ್ತೆಯ ಹೆಸರು ಲಕ್ಷ್ಮೀನರಸಮ್ಮ. ಪೇಟೆಯಲ್ಲಿ ಆ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಕುಂಕುಮದಮ್ಮ ಎನ್ನಬೇಕು. ಹಳೇ ಪೇಟೆ ಬೀದಿಯಲ್ಲಿ ಒಂದು ಬಟ್ಟೆ ಅಂಗಡಿಯ ಜಗಲಿಯ ಮೇಲೆ ಗೋಣಿತಾಟು ಹಾಸಿ, ಅರಿಶಿನ, ಕುಂಕುಮ, ಬಾಚಣಿಗೆ, ಕರಿಮಣಿ ಇಟ್ಟುಕೊಂಡು ಹನ್ನೊಂದು ವರ್ಷದಿಂದ ಕೂತಿದ್ದರು. ಮಾವನವರೂ ನನ್ನ ಗಂಡನೂ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಮೂಟೆ ಬಾರದ ದಿನ ನಮ್ಮ ಮನೆಯ ಒಲೆ ಉರಿಯುತ್ತಿದ್ದುದು ಅತ್ತೆಯ ಕುಂಕುಮದಿಂದ. ಪೊಟ್ಟಣ ಕೊಡುವಾಗ ಹೆಂಗಸಾದರೆ "ಮುತ್ತೈದೆಯಾಗಿ ಬಾಳಮ್ಮ" ಅನ್ನುವರು. ಗಂಡಸಾದರೆ "ನಿನ್ನ ಮನೆಯೋಳು ಮುತ್ತೈದೆಯಾಗಿ ಬಾಳ್ಲಿ ಕಣಪ್ಪ" ಅನ್ನುವರು. ಅದನ್ನು ಹೇಳದೆ ಒಂದು ಪೊಟ್ಟಣವನ್ನೂ ಕೈಬಿಟ್ಟವರಲ್ಲ.

ಬೀದಿಯಲ್ಲಿ ಕೂತವರಿಂದ ಮುನಿಸಿಪಾಲಿಟಿಯ ಚನ್ನಕೇಶವ ಎಂಬಾತ ದಿನದ ಸುಂಕ ಎತ್ತಿ ಅಂಗೈಯಗಲದ ಚೀಟಿ ಕೊಡುತ್ತಿದ್ದ. ಅದರ ಮೇಲೆ ತಾರೀಖಿನ ಮೊಹರು, ಕೆಳಗೆ ನೇರಳೆ ಪೆನ್ಸಿಲಿನಲ್ಲಿ ಹೆಸರು. ಉಳಿದವರು ಅದನ್ನು ಅಲ್ಲೇ ಬಿಸಾಡುವರು. ಅತ್ತೆ ಮಾತ್ರ ಸೆರಗಿಗೆ ಕಟ್ಟಿ ತಂದು ಬಾಗಿಲ ಹಿಂದಿನ ತಂತಿಗೆ ಚುಚ್ಚುವರು. ಯಾಕೆಂದು ಕೇಳಿದರೆ, "ಸರ್ಕಾರದ ಕಾಗದ ಕಣಮ್ಮ, ಇರ್ಲಿ" ಎನ್ನುವರು. ನಾನು ಒಳಗೇ ನಕ್ಕೆ. ಓದು ಬಾರದವರಿಗೆ ಕಾಗದವೆಲ್ಲ ದೇವರು ಎಂದುಕೊಂಡೆ.

ಮನೆಯಲ್ಲಿ ಕುಂಕುಮ ಅಳೆದು ಪೊಟ್ಟಣ ಕಟ್ಟುವುದು ನನ್ನ ಕೆಲಸವಾಗಿತ್ತು. ಹಳೆಯ ಪೇಪರು ಕೊಳ್ಳುವುದೇಕೆ ದಂಡ? ತಂತಿಯ ತಳದಲ್ಲಿದ್ದ ಹಳೆಯ ಚೀಟಿಗಳನ್ನು ಎಳೆದೆಳೆದು, ಬರಹದ ಮಗ್ಗುಲು ಒಳಗೆ ಬರುವಂತೆ ಮಡಿಚಿ ಒಂದು ವರ್ಷ ಪೊಟ್ಟಣ ಕಟ್ಟಿದೆ. ಅತ್ತೆಗೆ ಹೇಳಲಿಲ್ಲ. ಉಳಿತಾಯವನ್ನು ಒಂದು ದಿನ ಹೇಳಿ ಭೇಷ್ ಅನ್ನಿಸಿಕೊಳ್ಳಬೇಕೆಂದಿದ್ದೆ.

೧೯೬೩ರ ಜೂನಿನಲ್ಲಿ ಬೀದಿಯ ಗೋಡೆಗೆ ನೋಟೀಸು ಹಚ್ಚಿದರು. ಕೂತ ಹೆಂಗಸರೆಲ್ಲ ಎದ್ದು ಬಂದರು. ಪೊಟ್ಟಣ ಕೊಡಲು ಹೋಗಿದ್ದ ನಾನೇ ತಾನೆ ಓದುವವಳು? ಗಟ್ಟಿಯಾಗಿ ಓದಿದೆ. ರಸ್ತೆ ಅಗಲ ಮಾಡುತ್ತಾರೆ, ಜಗಲಿಗಳನ್ನೆಲ್ಲ ಒಡೆಯುತ್ತಾರೆ. ಬಸ್ ಸ್ಟ್ಯಾಂಡಿನ ಹತ್ತಿರ ಹೊಸ ಮಾರ್ಕೆಟ್ಟಿನಲ್ಲಿ ಇಪ್ಪತ್ತನಾಲ್ಕು ಅಂಗಡಿಗಳಿವೆ. ಮೂರು ವರ್ಷಕ್ಕೆ ಮುಂಚಿನಿಂದ ಬೀದಿಯಲ್ಲಿ ಕೂತವರು, ಅಂದಿನ ಒಂದು ಸುಂಕದ ಚೀಟಿಯನ್ನಾದರೂ ಮೂವತ್ತನೇ ತಾರೀಖಿನೊಳಗೆ ತಂದು ತೋರಿಸಿದರೆ ಅಂಗಡಿ. ಕೊನೆಯ ಸಾಲಿಗೆ ಬರುವಾಗ ನನ್ನ ದನಿ ನನಗೇ ಕೇಳಿಸಲಿಲ್ಲ.

"ಏಮ್ಮಾ ಕುಂಕುಮದಮ್ಮ, ನಿಂಗೇನು ಬಿಡು, ತಂತಿ ತುಂಬ ಇಟ್ಟಿದ್ದೀಯ!" ಎಂದಳು ಹೂವಿನ ಮಂಗಮ್ಮ. ಅತ್ತೆ ನಕ್ಕರು. ಆ ನಗುವಿನಲ್ಲಿ ಹೆಮ್ಮೆ ಇತ್ತು, ಅದೇ ನನ್ನನ್ನು ಕೊಂದಿತು.

ಮನೆಗೆ ಓಡಿ ತಂತಿ ಬಿಚ್ಚಿದೆ. ಉಳಿದದ್ದರಲ್ಲಿ ಎಲ್ಲಕ್ಕಿಂತ ಹಳೆಯದು ೧೯೬೧ರ ಜನವರಿಯದು, ಮೂರು ವರ್ಷವೂ ತುಂಬದ್ದು.

ಹತ್ತು ದಿನ ಉಳಿದಿತ್ತು. ಒಂದು ವಾರ ಏನೇನೋ ನೆಪ ಹೇಳಿಕೊಂಡು ಮನೆಮನೆ ಅಲೆದೆ. ಕುಂಕುಮದ ಕಾಗದವನ್ನು ನಮ್ಮಲ್ಲಿ ಯಾರೂ ಕಾಲಡಿ ಬೀಳಲು ಬಿಡುವುದಿಲ್ಲ. ಅದೇ ನನ್ನ ಆಸೆ, ಅದೇ ನನ್ನ ಗ್ರಹಚಾರ. ಒಬ್ಬಳು ತುಳಸಿ ಬುಡಕ್ಕೆ ಹಾಕಿದೆ ಎಂದಳು, ಇನ್ನೊಬ್ಬಳು ನೀರೊಲೆಗೆ ಹಾಕಿದೆ ಎಂದಳು. ಒಂದು ಮನೆಯಲ್ಲಿ ದೇವರ ಗೂಡಿನಿಂದ ಒಂದು ಚೀಟಿ ಸಿಕ್ಕಿತು. ಬಿಡಿಸಿದರೆ ಎಣ್ಣೆ ಹೀರಿ ಮೊಹರೇ ಅಳಿಸಿಹೋಗಿತ್ತು. ಅತ್ತ ಅತ್ತೆ ಹೊಸ ಅಂಗಡಿಗೆಂದು ಒಂದು ಮಣೆ ಮಾಡಿಸಿದರು.

ಮೂರು ದಿನ ಉಳಿದಾಗ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡೆ. ಅತ್ತೆ ತಂತಿಯಲ್ಲಿ ಉಳಿದ ಚೀಟಿಗಳನ್ನು ಬೆರಳಿಂದ ಸವರಿದರು.

"ಬಿಚ್ಚದೇ ಇರೋ ಪೊಟ್ಟಣ ಒಂದಿದೆ" ಎಂದರು. "ಕೈವಾರದ ಬಯ್ಯಪ್ಪನ ಮಗ ಹೋದ ಗೌರಿ ಹಬ್ಬಕ್ಕೆ ಹೆಂಡ್ತಿಗೆ ಅಂತ ತಗೊಂಡೋದ. ಆ ವಾರದಲ್ಲೇ ಸತ್ತೋದ. ಆ ಹುಡುಗಿ ಕದಿರಮ್ಮ ಅದನ್ನ ಹಚ್ಕೊಳ್ಳೋ ಹಂಗಿಲ್ಲ, ಬಿಸಾಕೋ ಹಂಗಿಲ್ಲ."

"ನಾನು ಹೋಗಿ ಕೇಳ್ತೀನಿ ಅತ್ತೆ."

"ಬೇಡ ಕಣೇ. ನಿನ್ನ ಮನೆಯೋಳು ಮುತ್ತೈದೆಯಾಗಿ ಬಾಳ್ಲಿ ಅಂತ ಈ ಬಾಯಲ್ಲೇ ಹೇಳಿ ಕೊಟ್ಟಿದ್ದೀನಿ. ಈಗ ಯಾವ ಮುಖ ಇಟ್ಕೊಂಡು ಕೇಳೋದು? ಅಂಗಡಿ ಹೋದ್ರೆ ಹೋಗ್ಲಿ."

ಅವರ ಮಾತು ಮೀರಿ ಮರುದಿನ ಬೆಳಿಗ್ಗೆ ಕೈವಾರದ ಬಸ್ಸು ಹತ್ತಿದೆ. ಕದಿರಮ್ಮ ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಪಡಸಾಲೆಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ಆ ಬೋಳು ಹಣೆ ನೋಡಿ ನನ್ನ ಹಣೆಯ ಕುಂಕುಮ ಸುಟ್ಟಂತಾಯಿತು. ನೀರು ಕೇಳಿ ಕುಡಿದೆ. ಕೂತು ನಾನೂ ನಾಲ್ಕು ಕಾಯಿ ಸುಲಿದೆ. ಆಮೇಲೆ ತಲೆ ತಗ್ಗಿಸಿಕೊಂಡೇ ಬಂದ ಕೆಲಸ ಹೇಳಿದೆ.

ಅವಳು ಎದ್ದು ಒಳಗೆ ಹೋದಳು. ತುಂಬಾ ಹೊತ್ತು ಬರಲಿಲ್ಲ. ಬೈಯಲಿಕ್ಕೆ ಮಾವನನ್ನು ಕರೆಯಲು ಹೋದಳೇನೋ ಎಂದು ಬಾಗಿಲ ಕಡೆಗೆ ಸರಿದೆ. ಬಂದಾಗ ಒಂದು ಕೈಯಲ್ಲಿ ತಾಮ್ರದ ಬಟ್ಟಲಿತ್ತು, ಅದರಲ್ಲಿ ಕುಂಕುಮ. ಇನ್ನೊಂದು ಕೈಯಲ್ಲಿ ಕೆಂಪಾದ ಚೀಟಿ. ಬೆರಳಿಗೆ ಹತ್ತಿದ್ದನ್ನು ಅವಳು ಒರೆಸಿಕೊಂಡಿರಲಿಲ್ಲ.

"ಕುಂಕುಮ ನಂಗಿರ್ಲಿ" ಎಂದಳು. "ಕೆಲಸ ಆದ್ಮೇಲೆ ಕಾಗದಾನೂ ವಾಪಸ್ ತಂದ್ಕೊಡಮ್ಮ. ಅವರು ಕೊನೇ ಸಲ ಪೇಟೆಯಿಂದ ತಂದಿದ್ದು."

"ತಂದ್ಕೊಡ್ತೀನಿ ಅಕ್ಕ" ಎಂದೆ. ಮಾತು ಕೊಟ್ಟೆ.

ಬಸ್ಸಿನಲ್ಲಿ ಕೂತ ಮೇಲೆ ಬಿಡಿಸಿ ನೋಡಿದೆ. ೧೯೫೯ರ ಅಕ್ಟೋಬರ್, ಮೊಹರು ಚೆನ್ನಾಗಿ ಕಾಣುತ್ತಿತ್ತು. ಹೆಸರಿನ ಜಾಗದಲ್ಲಿ ಚನ್ನಕೇಶವ 'ಕುಂಕುಮದಮ್ಮ' ಎಂದೇ ಬರೆದಿದ್ದ. ಅತ್ತೆಯೊಡನೆ ಮುನಿಸಿಪಾಲಿಟಿ ಕಚೇರಿಗೆ ಹೋದರೆ, ಲಕ್ಷ್ಮೀನರಸಮ್ಮ ಎಂದು ಇಲ್ಲವಲ್ಲ ಎಂದು ತಕರಾರು ತೆಗೆದರು. ಚನ್ನಕೇಶವನನ್ನೇ ಕರೆಸಿ ಕೇಳಿದರು. "ನನ್ನ ಅಕ್ಷರಾನೇ ಸ್ವಾಮಿ, ಈಯಮ್ಮಂದೇ" ಎಂದ. ಗುಮಾಸ್ತರು ಚೀಟಿಗೆ ಗೋಂದು ಬಳಿದು ಅರ್ಜಿಗೆ ಅಂಟಿಸಿಬಿಟ್ಟರು.

"ಸ್ವಾಮಿ, ಅದು ವಾಪಸ್ ಬೇಕಿತ್ತು" ಎಂದೆ.

"ಫೈಲಿಗೆ ಸೇರಿದ್ಮೇಲೆ ಮುಗೀತಮ್ಮ. ಅಂಗಡಿ ಬೇಕೋ, ಕಾಗದ ಬೇಕೋ?"

ನಾನು ಬಾಯಿ ಮುಚ್ಚಿಕೊಂಡೆ. ಅದನ್ನು ಇವತ್ತಿಗೂ ನುಂಗಲಾಗಿಲ್ಲ.

ಒಂಬತ್ತನೇ ನಂಬರಿನ ಅಂಗಡಿ ನಮಗೆ ಬಂತು. ಮೂರು ಮೆಟ್ಟಿಲು, ಹಸಿರು ಬಣ್ಣದ ಬಾಗಿಲು. ಮೊದಲ ಬಾಡಿಗೆ ರಸೀದಿ ಬಂದಾಗ ಅತ್ತೆ ಅದನ್ನು ತಂತಿಗೆ ಚುಚ್ಚಿ, "ಇದನ್ನ ಮುಟ್ಟಿದ್ಯೋ, ಕೈ ಮುರೀತೀನಿ" ಎಂದರು. ಆ ವಿಷಯದಲ್ಲಿ ನನ್ನನ್ನು ಅವರು ಬೈದದ್ದು ಅಷ್ಟೇ. ಹಳೇ ಬೀದಿಯಲ್ಲಿ ಓಡಾಡುತ್ತಲೇ ಕೊಳ್ಳುತ್ತಿದ್ದವರು ಮೆಟ್ಟಿಲು ಹತ್ತಿ ಬರಲು ಮೊದಮೊದಲು ನಾಚಿದರು. ವ್ಯಾಪಾರ ಅರ್ಧಕ್ಕೆ ಇಳಿಯಿತು. ಆದರೆ ನನ್ನ ದಿಗಿಲು ಬೇರೆಯೇ. ಕೈವಾರದ ಬಸ್ಸು ಬಂದು ನಿಂತಾಗಲೆಲ್ಲ ನಾನು ಒಳಗೆ ಸರಿದು ಡಬ್ಬಿ ಜೋಡಿಸುವವಳಂತೆ ನಟಿಸುತ್ತಿದ್ದೆ.

ಗೌರಿ ಹಬ್ಬದ ಹಿಂದಿನ ದಿನ ಕದಿರಮ್ಮ ಬಂದಳು. ಕುಂಕುಮದ ಅಂಗಡಿ ಮುಂದೆ ತಾನು ನಿಂತರೆ ಯಾರಾದರೂ ಏನಾದರೂ ಅಂದಾರೆಂದು ಮೆಟ್ಟಿಲಿಂದ ದೂರ, ಬಿಸಿಲಲ್ಲಿ ನಿಂತಿದ್ದಳು. ನಾನು ಇಳಿದು ಹೋದೆ. ಕಣ್ಣಲ್ಲಿ ನೀರು ನಿಲ್ಲಲಿಲ್ಲ.

"ಅಕ್ಕಾ, ಕಾಗದ ಅವರು ಕೊಡ್ಲಿಲ್ಲ. ಅಂಟಿಸ್ಬಿಟ್ರು. ನಾನೂ ಗಟ್ಟಿಯಾಗಿ ಕೇಳ್ಲಿಲ್ಲ."

"ಬಿಡಮ್ಮ, ಅದಕ್ಕೆ ಬಂದಿಲ್ಲ" ಎಂದಳು. ಸೆರಗು ಹಣೆಗೆ ಮರೆ ಮಾಡಿಕೊಂಡು ಅಂಗಡಿಯನ್ನು ಮೇಲಿಂದ ಕೆಳಗೆ ನೋಡಿದಳು. "ನಮ್ಮನೆಯವರು ತಂದ ಕಾಗದಕ್ಕೆ ಬಂದ ಅಂಗಡಿ ಇದೇನಾ? ಒಂದ್ಸಲ ನೋಡ್ಕೊಂಡು ಹೋಗಣ ಅಂತ ಬಂದೆ."

ಹಬ್ಬದ ಗಿರಾಕಿಗಳನ್ನು ಬಿಟ್ಟು ಅತ್ತೆ ಮೆಟ್ಟಿಲಿಳಿದು ಬಂದರು. ಕದಿರಮ್ಮನ ಕೈ ಹಿಡಿದುಕೊಂಡರು. ಅವರ ಬಾಯಿಂದ ಅವತ್ತು ಯಾವ ಹಾರೈಕೆಯೂ ಹೊರಡಲಿಲ್ಲ. ಮೇಲಕ್ಕೆ ಕರೆದುಕೊಂಡು ಹೋಗಿ, ಎಲ್ಲರೂ ನೋಡುತ್ತಿದ್ದಂತೆ, ತಾವು ಕೂರುವ ಮಣೆಯ ಮೇಲೆ ಅವಳನ್ನು ಕೂರಿಸಿದರು.