ಎತ್ತಿನ ದಾರಿಯಲ್ಲಿ ಟ್ರಾಕ್ಟರು, ಮೊದಲ ಮುದ್ದೆ ವಕೀಲಮ್ಮನಿಗೆ

ಗೆದ್ದುಬಿಟ್ಟಳು! ನನ್ನ ಮೊಮ್ಮಗಳು ಕರಿ ಕೋಟು ಹಾಕಿಕೊಂಡು, ಕೆ.ಆರ್. ಪೇಟೆ ಕೋರ್ಟಿನಲ್ಲಿ ನಿಂತು ವಾದ ಮಾಡಿ, ನಮ್ಮ ಗದ್ದೆಯ ದಾರಿ ಗೆದ್ದುಕೊಂಡು ಬಂದಳು. ಕಿಕ್ಕೇರಿಯಲ್ಲಿ ಬಸ್ಸಿಳಿದವಳೇ ನಾನು ಹೂ ಮಾರುವವಳಿಗೆ ಹೇಳಿದೆ, ಟೀ ಅಂಗಡಿಯ ಸಾಬರಿಗೆ ಹೇಳಿದೆ, ಗುರುತೇ ಇಲ್ಲದ ಒಬ್ಬ ಕಂಡಕ್ಟರಿಗೂ ಹೇಳಿದೆ. ಅವನು ಪಾಪ, ‘ಯಾವ ಕೇಸಜ್ಜಿ?’ ಅಂದ. ಕೇಳಿದ ತಪ್ಪಿಗೆ ಪೂರಾ ಕೇಳಿಸಿಕೊಳ್ಳಬೇಕಾಯಿತು. ನೀವೂ ಕೇಳಿ.

ನಮ್ಮ ಕಬ್ಬಿನ ಗದ್ದೆಗೂ ರಸ್ತೆಗೂ ನಡುವೆ ನನ್ನ ಮೈದುನನ ಗದ್ದೆ ಇದೆ. ಮೈದುನ ಅಂದರೆ ಯಜಮಾನರ ಚಿಕ್ಕಪ್ಪನ ಮಗ. ಅವನ ಗದ್ದೆಯ ಅಂಚಿನಲ್ಲಿ ತಲೆತಲಾಂತರದಿಂದ ಒಂದು ದಾರಿ. ನನ್ನ ಮಗ ಟ್ರಾಕ್ಟರು ತಂದದ್ದೇ ತಡ, ಮೈದುನ ಆ ದಾರಿಗೆ ಕಲ್ಲುಕಂಬ ನೆಟ್ಟ. ‘ಇದು ಬರೀ ಕಾಲ್ದಾರಿ. ಕಬ್ಬ ತಲೆ ಮ್ಯಾಲೆ ಒತ್ಕೊಂಡೋಗ್ರಿ’ ಅಂದ. ಹೊತ್ತೆವು. ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಹೋಗಬೇಕಾದ ಕಬ್ಬು ಅರ್ಧಕ್ಕರ್ಧ ಕಡಿದ ಜಾಗದಲ್ಲೇ ಒಣಗಿತು. ‘ದಾರಿ ಸಿಗ್ನಿಲ್ಲ ಅಂದ್ರೆ ಇನ್ನ್ ಕಬ್ಬೇ ಆಕಾಕಿಲ್ಲ’ ಎಂದು ಮಗ ಹೇಳಿಬಿಟ್ಟಿದ್ದ. ಅದಕ್ಕೇ ಕೇಸು.

ಮೊಮ್ಮಗಳು ಕಾನೂನು ಓದಿ ಮುಗಿಸಿ ಸೇರಿದ್ದು ನಮ್ಮ ವಕೀಲರ ಆಫೀಸಿಗೇ. ಸಾಕ್ಷಿ ಹೇಳುವುದು ನಾನು ಎಂದು ಗೊತ್ತಾದ ದಿನದಿಂದ ನನ್ನ ಹಿಂದೆ ಬಿದ್ದಳು. ‘ಅಜ್ಜಿ, ಕೇಳಿದ್ದಕ್ಕಷ್ಟೇ ಉತ್ತರ. ಅಡ್ಡಕತೆ ಬ್ಯಾಡ.’

ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು ನಾನು. ಕಟಕಟೆ ಹತ್ತುವಾಗ ಅವಳ ಮಾತನ್ನೇ ಮನಸ್ಸಿನಲ್ಲಿ ಜಪಿಸುತ್ತಿದ್ದೆ. ಎದುರು ಕಡೆ ವಕೀಲರು, ‘ಆ ದಾರೀಲಿ ಗಾಡಿ ಓಡಾಡ್ತಿತ್ತು ಅಂತ ನಿಮಗೆ ಹೆಂಗಮ್ಮ ಗೊತ್ತು?’ ಅಂದರು. ಆಗ ಅದೆಲ್ಲ ಮರೆತೇಹೋಯಿತು.

‘ಗೊತ್ತಿಲ್ದೆ ಏನು ಸಾಮಿ! ನಾಗಮಂಗಲದ ಕಡೆಯಿಂದ ಮದ್ವೆಯಾಗಿ ಬಂದಾಗ ರಸ್ತೇಲಿ ಬಸ್ಸಿಳಿದು, ಅದೇ ದಾರೀಲಿ ಎತ್ತಿನ ಗಾಡೀಲಿ ಬಂದೋಳು ನಾನು. ಆಗ ನಮ್ಮನೆ ಗದ್ದೆ ಮಗ್ಗುಲಲ್ಲೇ ಇತ್ತು. ಅಗೋ, ಅಲ್ಲಿ ಕುಂತವ್ನಲ್ಲ ನನ್ ಮೈದುನ, ಚಡ್ಡಿ ಹೈದ, ಅವ್ನೂ ಗಾಡೀಲಿದ್ದ. ನನ್ ಮಡಿಲಲ್ಲಿ ಕಟ್ಟಿದ್ ಬೆಲ್ಲನೆಲ್ಲ ಅವ್ನೇ ತಿಂದ್ಬುಟ್ಟ!’

ಮೈದುನ ಎದ್ದು ನಿಂತೇಬಿಟ್ಟ. ‘ಎಲ್ಲಾ ಎಲ್ಲಿ ತಿಂದೆ ಅತ್ಗೆ? ಒಂದೇ ಅಚ್ಚು! ಗಾಡಿ ಹಳ್ಳಕ್ಕಿಳಿದಾಗ ಮಿಕ್ಕಿದ್ದು ಬಿದ್ದೋಯ್ತಲ್ಲ!’

ಅವನ ವಕೀಲರು ಹಣೆಗೆ ಕೈ ಹಚ್ಚಿಕೊಂಡರು. ಜಡ್ಜ್ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಇದ್ದರು, ನಗು ಬಂದಿತ್ತೋ ಏನೋ. ಗಾಡಿ ಓಡಾಡಿದ್ದನ್ನು ಅವನ ಬಾಯಿಂದಲೇ ಊರಿಗೆಲ್ಲ ಕೇಳಿಸಿದ ಹಾಗಾಯಿತು.

ಆದರೆ ಬಿಟ್ಟಾನೆಯೇ? ‘ಗಾಡಿ ಆಯ್ತು, ಒಪ್ದೆ. ಎತ್ತಿಗೆ ಬುಟ್ಟಿದ್ ದಾರೀಲಿ ಟ್ರಾಕ್ಟರು ನುಗ್ಸು ಅಂತ ಯಾವನ್ ಯೋಳ್ದ?’ ಎಂದು ಹೊಸ ಹಟ ಹಿಡಿದ.

ಇದು ನನ್ನನ್ನೂ ಕೊರೆಯಿತು. ಮೊಮ್ಮಗಳು ಕೊಟ್ಟಿಗೆಯಲ್ಲಿ ಹಸುಗಳ ಮುಂದೆ ನಿಂತು ವಾದ ಕಲಿಯುತ್ತಿದ್ದಳು. ಕೇಳಿದೆ. ‘ಅಲ್ಲ ಕಣವ್ವ, ಕಾನೂನು ಬರ್ದೋರು ಟ್ರಾಕ್ಟರು ಅಂತ ಬರ್ದವ್ರಾ?’

‘ಇಲ್ಲ ಕಣಜ್ಜಿ. ಅವರು ಟ್ರಾಕ್ಟರು ನೋಡೇ ಇರ್ಲಿಲ್ಲ.’

‘ಹಂಗಾರೆ ಸೋತ್ವಿ.’

‘ಸೋಲಾಕಿಲ್ಲ. ಬರ್ದಿರೋದು ಒಂದಷ್ಟು. ಮಿಕ್ಕಿದ್ದು ಜಡ್ಜ್‌ಗಳು ಒಂದೊಂದು ಕೇಸಲ್ಲೂ ತೀರ್ಮಾನ ಮಾಡ್ತಾ ಮಾಡ್ತಾ ಬೆಳೆಯೋದು. ಮ್ಯಾಲಿನ ಕೋರ್ಟು ಹಿಂದೆ ಇಂಥದ್ದೇ ಕೇಸಲ್ಲಿ ಏನಂದಿತ್ತು ಅಂತ ಹುಡುಕಿವ್ನಿ. ಮುಂದೆ ಇಂಥ ಜಗಳ ಬಂದಾಗ ಅದನ್ನೇ ನೋಡ್ತಾರೆ. ನಮ್ಮನೆ ಮೊದಲ್ನೇ ಮುದ್ದೆ ಇಲ್ವಾ, ಹಂಗೆ.’

ಆಗ ನನಗೆ ತಟ್ಟನೆ ಹೊಳೆಯಿತು. ನಮ್ಮ ಮನೆಯಲ್ಲಿ ನಮ್ಮತ್ತೆ ಮಾಡಿಟ್ಟ ಒಂದು ಕಟ್ಟಳೆ ಇದೆ. ಉತ್ತು ಬಂದವರಿಗೆ ಮೊದಲ ಮುದ್ದೆ. ಮಗ ಟ್ರಾಕ್ಟರಿನಲ್ಲಿ ಉಳಲು ಶುರು ಮಾಡಿದಾಗ ಯಜಮಾನರು ‘ಸೀಟಿನ ಮ್ಯಾಲೆ ಕುಂತೋನ್ಗೆ ಮೊದಲ್ನೇ ಮುದ್ದೆಯಾ?’ ಎಂದು ಕೂಗಾಡಿದ್ದರು. ಅತ್ತೆ ಬದುಕಿದ್ದರೆ ಏನನ್ನುತ್ತಿದ್ದರು ಎಂದು ಯೋಚಿಸಿ ನಾನು ಮಗನಿಗೇ ಬಡಿಸಿದೆ. ಮುದ್ದೆ ಇಟ್ಟಿದ್ದು ಹಸಿವಿಗೆ, ನೇಗಿಲ ಮರಕ್ಕಲ್ಲವಲ್ಲ! ಅಂದಿನಿಂದ ಅದೇ ನಡೆಯುತ್ತಿದೆ.

ಕೊನೆಯ ವಾದದ ದಿನ ಅವಳ ಸೀನಿಯರು, ‘ನಿಮ್ಮನೆ ದಾರಿ, ನೀನೇ ಮಾತಾಡವ್ವ’ ಎಂದು ಹಿಂದೆ ಕೂತರು. ಅವಳು ಮೇಲಿನ ಕೋರ್ಟಿನ ಹಳೆಯ ತೀರ್ಪು ಓದಿದಳು. ಆಮೇಲೆ, ‘ಸ್ವಾಮಿ, ಈ ದಾರಿ ಇರೋದು ಬೆಳೆ ರಸ್ತೆಗೆ ಸೇರಲಿ ಅಂತ. ಎತ್ತಿನ ಕಾಲಿಗೋಸ್ಕರ ಅಲ್ಲ’ ಅಂದಳು. ಮುದ್ದೆ ಹೆಸರು ಹೇಳಲಿಲ್ಲ. ಹೇಳುತ್ತಾಳೆಂದು ಕಾದು ಕೂತಿದ್ದ ನನಗೆ ಸ್ವಲ್ಪ ಬೇಜಾರೇ ಆಯಿತು.

ಎದುರು ವಕೀಲರು ಬಿಡಲಿಲ್ಲ. ‘ಇವತ್ತು ಟ್ರಾಕ್ಟರು ಅಂತಾರೆ, ನಾಳೆ ಲಾರಿ ತರ್ತಾರೆ!’

ಜಡ್ಜ್ ಸಾಹೇಬರು ತಲೆ ಎತ್ತದೆ, ‘ಲಾರಿ ಬಂದಾಗ ಲಾರಿ ವಿಚಾರ ನೋಡೋಣ’ ಅಂದರು.

ಇವತ್ತು ತೀರ್ಪು ಬಂತು. ಟ್ರಾಕ್ಟರು ಹೋಗಬಹುದು, ದಾರಿಯನ್ನು ಮಾತ್ರ ಗಾಡಿಯ ಅಗಲಕ್ಕಿಂತ ಹಿಗ್ಗಿಸಬಾರದು, ಬದುವಿಗೆ ಏಟಾದರೆ ನಾವೇ ಸರಿ ಮಾಡಬೇಕು, ಕಲ್ಲುಕಂಬ ಕೀಳಬೇಕು. ಕಿಕ್ಕೇರಿಗೆ ಒಂದೇ ಬಸ್ಸಿನಲ್ಲಿ ಬಂದೆವು. ಮೈದುನ ಮುಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದ.

ಸಂಜೆ ನಾಟಿಕೋಳಿ ಸಾರು ಕುದಿಯುತ್ತಿದ್ದಾಗ ಜಗಲಿಯ ಮೇಲೆ ಕೆಮ್ಮು ಕೇಳಿಸಿತು. ಮೈದುನ, ಹಿಂದೆಯೇ ಅವನ ಹೆಂಡತಿ.

‘ಏನ್ಲಾ, ಅಪೀಲಿಗೆ ಬಂದ್ಯಾ?’ ಅಂದರು ಯಜಮಾನರು.

‘ಊಟ ಮಾಡ್ಬ್ಯಾಡ ಅಂತ ಜಡ್ಜು ಬರ್ದಿಲ್ವಲ್ಲಣ್ಣ’ ಎಂದು ಚಪ್ಪಲಿ ಬಿಟ್ಟು ಒಳಗೆ ಬಂದ. ಜೇಬಿನಿಂದ ಒಂದು ಅಚ್ಚು ಬೆಲ್ಲ ತೆಗೆದು ನನ್ನ ಕೈಗಿಟ್ಟ. ‘ತಕೊ ಅತ್ಗೆ. ಇನ್ನು ಕೋರ್ಟಲ್ಲಿ ಮಾನ ಕಳೀಬ್ಯಾಡ.’

ಎಲ್ಲರೂ ಸಾಲಾಗಿ ಕೂತರು. ಹೊಲ ಉತ್ತು ಬಂದಿದ್ದ ಮಗ ತಟ್ಟೆ ಮುಂದೆ ಚಾಚಿದ. ನಾನು ಅವನನ್ನು ದಾಟಿ ಹೋಗಿ ಮೊದಲ ಮುದ್ದೆಯನ್ನು ಮೊಮ್ಮಗಳ ತಟ್ಟೆಗೆ ಹಾಕಿದೆ.

‘ಲೇ, ಇದ್ಯಾವ ನ್ಯಾಯ?’ ಯಜಮಾನರು ಗುಡುಗಿದರು. ‘ಇವತ್ತು ಕೋರ್ಟಿಂದ ಬಂದೋಳ್ಗೆ ಕೊಟ್ಟೆ. ನಾಳೆ ಸಂತೆಯಿಂದ ಬಂದೋರೂ ಕೇಳ್ತಾರೆ!’

‘ಸಂತೆಯೋರು ಬಂದಾಗ ಸಂತೆಯೋರ ವಿಚಾರ ನೋಡನ, ಸುಮ್ಕೆ ಉಣ್ಣಿ’ ಅಂದೆ.

ಮೊಮ್ಮಗಳು ನಕ್ಕ ನಗೆಗೆ ನೆತ್ತಿಗೆ ಹತ್ತಿತು. ಮೈದುನನೇ ಅವಳ ತಲೆ ತಟ್ಟಿ ನೀರು ಕುಡಿಸಿದ. ಆಮೇಲೆ ಅವನ ತಟ್ಟೆಗೂ ಮುದ್ದೆ ಬಿತ್ತು, ಎಲ್ಲರೂ ಸಾರಿಗೆ ಕೈ ಹಾಕಿದರು.