ಹಾಲು ಬತ್ತಿಸುವ ಮಲ್ಲಿಗೆ

ಫೋನ್ ಬಂದಾಗ ನಾನು ದೇವರಿಗೆ ಮಲ್ಲಿಗೆ ಕಟ್ಟುತ್ತಿದ್ದೆ. ಬಾಳೆನಾರಿನ ತುದಿಯನ್ನು ಕಿಟಕಿಯ ಸರಳಿಗೆ ಬಿಗಿದಿದ್ದೆ. ನಾರನ್ನು ಕಾಲಬೆರಳಿಗೆ ಸಿಕ್ಕಿಸಿ ಕಟ್ಟುವುದು ದೇವರ ಹೂವಿಗೆ ಸಲ್ಲದು. ನಾಲ್ಕು ತಿಂಗಳ ಮಗಳು ಪಕ್ಕದ ಚಾಪೆಯಲ್ಲಿ ಮಲಗಿದ್ದಳು. ನನ್ನ ರಿಪೋರ್ಟ್ ತರಲು ಹುಬ್ಬಳ್ಳಿಗೆ ಹೋಗಿದ್ದ ಇವರು ಆಸ್ಪತ್ರೆಯ ಮೆಟ್ಟಿಲಿನಿಂದಲೇ ಮಾತಾಡಿದರು.

"ಅದು ಹಾಲುಗಂಟಲ್ಲದಡ. ಬೇರೆ ಗಂಟಡ."

ಇನ್ನೊಬ್ಬರು ಹೇಳಿದ್ದನ್ನು ಹೇಳುವಾಗ ನಮ್ಮ ಮಾತಿನಲ್ಲಿ ಕೊನೆಗೊಂದು 'ಅಡ' ಸೇರುತ್ತದೆ. ಮಳೆ ಬಂತಡ, ಮದುವೆ ಮುರಿಯಿತಡ. ಅರ್ಧ ಸುದ್ದಿ, ಅರ್ಧ ಗಾಳಿ. ಇವರು ಕಾಯಿಲೆಯ ಹೆಸರು ಎತ್ತಲಿಲ್ಲ. ಎತ್ತದೇ ಇದ್ದುದರಿಂದಲೇ ಅದು ಕ್ಯಾನ್ಸರ್ ಎಂದು ನನಗೆ ತಿಳಿಯಿತು. ಆದರೂ ಆ 'ಅಡ'ವನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಮುಂದಿನ ವಾರವೇ ಔಷಧ ಶುರು ಮಾಡವಡ. ಶುರುವಾದ ಮೇಲೆ ಕೂಸಿಗೆ ಎದೆಹಾಲು ಕೊಡಲಾಗಡ."

"ಎರಡು ತಿಂಗಳು ತಡದ್ರೆ? ಕೂಸು ಅನ್ನಪ್ರಾಶನ ಆಗಿ ಗಂಜಿ ಉಣ್ಣ ತನಕ?"

"ಅದನ್ನೂ ಕೇಳ್ದಿ. ನಿರ್ಧಾರ ನಿಂದೇ ಅಡ. ಆದ್ರೆ ಡಾಕ್ಟ್ರು ತನ್ನ ಸ್ವಂತ ತಂಗಿ ಆಗಿದ್ರೆ ಒಂದು ವಾರನೂ ಕಾಯ್ತಿದ್ದಿಲ್ಲೆ ಅಡ. ಈಗ ಶುರು ಮಾಡಿದ್ರೆ ಗುಣ ಆಗ್ತಡ."

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡಿದ್ದರು. ಬಾಣಂತನದಿಂದ ಹಿಡಿದು ಆ ಗಂಟಿಗೆ ಅಕ್ಕಿತೌಡಿನ ಬಿಸಿಕಾವು ಕೊಟ್ಟವರು ಅವರೇ. ಹಾಲು ಕಟ್ಟಿಕೊಂಡಿದೆ, ಕೂಸು ಎಳೆದರೆ ಕರಗುತ್ತದೆ ಎಂದು ಇಬ್ಬರೂ ನಂಬಿದ್ದೆವು.

ಮಗಳು ಎದ್ದಳು. ಮೊಲೆಗೆ ಹಚ್ಚಿಕೊಂಡೆ. ಅವಳು ಕುಡಿಯುವಾಗ ನನ್ನ ಕರಿಮಣಿಯನ್ನು ಮುಷ್ಟಿಯಲ್ಲಿ ಹಿಡಿಯುತ್ತಾಳೆ, ಬಿಟ್ಟರೆ ನಾನೆಲ್ಲಿ ಹೋಗಿಬಿಡುತ್ತೇನೋ ಎನ್ನುವ ಹಾಗೆ. ಎರಡು ತಿಂಗಳು ಮಾತ್ರ, ಈಶ್ವರಾ, ಎಂದು ಕೇಳಿಕೊಂಡೆ. ಕೇಳಿದ್ದು ನನಗಾಗಿಯೋ ಅವಳಿಗಾಗಿಯೋ, ಈಗಲೂ ತಿಳಿಯದು.

"ರಿಪೋರ್ಟೇ ತಪ್ಪಿರ್ಲಕ್ಕು ಅತ್ತೆ. ಇವರೂ 'ಅಡ' ಹೇಳೇ ಹೇಳಿದ್ದು," ಎಂದೆ.

ಅತ್ತೆ ನನ್ನ ಎದುರು ಕುಳಿತರು. "ಗಂಟಿನ ಅಡ ಸುಳ್ಳಾದ್ರೆ ಗುಣ ಆಗ್ತು ಹೇಳದರ ಅಡನೂ ಸುಳ್ಳೇ ಅಲ್ದನೇ ತಂಗಿ? ಒಂದು ಬೇಕು, ಒಂದು ಬೇಡ ಹೇಳಿ ಆರಿಸಲೆ ಇದೆಂತ ಸಂತೆಯ?"

ನನಗೆ ಅಳು ಉಕ್ಕಿ ಬಂತು. ಅತ್ತೆಯೂ ಮೂಗು ಸೀಟಿಕೊಂಡು, "ನಿನ್ನ ಗಂಡನೂ ಡಬ್ಬಿ ಹಾಲಲ್ಲೇ ಬೆಳದವ. ಅವಂಗೆ ಎಂತಾಜು? ಬುದ್ಧಿ ಸ್ವಲ್ಪ ಕಮ್ಮಿ. ಅದು ಅಪ್ಪನ ಕಡೆದು," ಎಂದರು. ಅಳುತ್ತಲೇ ನಕ್ಕೆ. ಎದೆ ಅಲುಗಿ ಮಗಳ ಬಾಯಿಂದ ಮೊಲೆ ತಪ್ಪಿತು. ಅವಳು ಸಿಟ್ಟಿನಿಂದ ನನ್ನನ್ನು ನೋಡಿದಳು.

"ಡಬ್ಬಿ ಹಾಲು ತರಲೆ ಇವರಿಗೆ ಹೇಳಿ ಅತ್ತೆ," ಎಂದೆ.

ಅವರೇ ಮಗನಿಗೆ ಫೋನ್ ಮಾಡಿ ಪುಡಿಹಾಲಿನ ಡಬ್ಬಿ ತರಲು ಹೇಳಿದರು. ಆಮೇಲೆ ಹರಿವಾಣದಲ್ಲಿದ್ದ ಮಲ್ಲಿಗೆಗೆ ಕೈಹಾಕಿದರು. ಹಾಲು ಬತ್ತಿಸಲು ನಮ್ಮಲ್ಲಿ ಎದೆಗೆ ಮಲ್ಲಿಗೆ ಕಟ್ಟುತ್ತಾರೆ. ಡಾಕ್ಟರು ಮಾತ್ರೆಯನ್ನೂ ಬರೆದುಕೊಟ್ಟಿದ್ದರು, ಆದರೆ ಅತ್ತೆಗೆ ಹೂವಿಲ್ಲದೆ ಸಮಾಧಾನವಿರಲಿಲ್ಲ.

"ದೇವರಿಗೆ ಹೇಳಿ ಕೊಯ್ದ ಹೂಗು ಅದು!"

"ದೇವರಿಗೆ ಗೊತ್ತಿದ್ದು. ಸುಮ್ನೆ ಕೂರು."

ಆ ಹೂವು ಇಷ್ಟು ತಣ್ಣಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಾಯಿಲೆ ಮಲ್ಲಿಗೆಯ ಕಾಲದಲ್ಲೇ ಬಂತಲ್ಲ, ಅದೊಂದು ಪುಣ್ಯ ಎಂದುಕೊಂಡೆ. ಇಂಥ ಪುಣ್ಯಗಳನ್ನು ಎಣಿಸಿಕೊಂಡೇ ನಾನು ಬದುಕು ಮಾಡಿದವಳು.

ಸಂಜೆ ಇವರು ಬಂದರು. ಚಪ್ಪಲಿ ಬಿಡುವುದನ್ನೂ ಮರೆತು ಡಬ್ಬಿಯನ್ನು ನನ್ನ ಕೈಗಿಟ್ಟರು. ನಾನೇ ಹಾಲು ಕಲಸಿ ಬಾಟಲಿಗೆ ತುಂಬಿದೆ. ಆದರೆ ನನ್ನ ತೊಡೆಯ ಮೇಲೆ ಮಗಳು ಬಾಟಲಿ ಮುಟ್ಟಲಿಲ್ಲ; ಮೂಗು ನನ್ನ ಎದೆಯ ಕಡೆಗೇ ತಿರುಗುತ್ತಿತ್ತು. ಮಲ್ಲಿಗೆಯ ಅಡಿಯಲ್ಲೂ ಹಾಲಿನ ವಾಸನೆ ಸಿಕ್ಕಿತ್ತು ಅವಳಿಗೆ.

"ನೀನು ಹೆರಗೆ ಹೋಗು," ಎಂದರು ಅತ್ತೆ. "ನೀನಿದ್ರೆ ಕುಡಿತಿಲ್ಲೆ."

ಹಿತ್ತಿಲ ಬಾವಿಕಟ್ಟೆಯ ಹತ್ತಿರ ನಿಂತೆ. ಯಲ್ಲಾಪುರದ ಹೆದ್ದಾರಿಯಲ್ಲಿ ಲಾರಿಗಳು ಏರು ಹತ್ತುತ್ತಿದ್ದವು. ಒಂದು ಲಾರಿ ದಾಟಿ ಇನ್ನೊಂದು ಬರುವ ನಡುವೆ ಮಗಳ ಅಳು ಕೇಳುತ್ತಿತ್ತು. ನನ್ನ ರವಿಕೆ ಒದ್ದೆಯಾಯಿತು. ಆಮೇಲೊಮ್ಮೆ ಲಾರಿ ದಾಟಿದ ಮೇಲೆ ಏನೂ ಕೇಳಲಿಲ್ಲ. ಆ ಮೌನವನ್ನೇ ನಾನು ಬೇಡಿಕೊಂಡಿದ್ದೆ. ಅದು ಬಂದಾಗ ಬಾವಿಯ ಕಂಬ ಹಿಡಿದುಕೊಳ್ಳಬೇಕಾಯಿತು.

ಒಳಗಿನಿಂದ ಅತ್ತೆ ಕೂಗಿದರು. "ಕುಡಿತಾ ಇದ್ದು!"

ಅದರಲ್ಲಿ 'ಅಡ' ಇರಲಿಲ್ಲ.

ಬಾಡಿದ ಹೂವನ್ನು ಬಿಚ್ಚಿ, ಯಾರೂ ತುಳಿಯದ ಹಾಗೆ ಮಲ್ಲಿಗೆ ಬಳ್ಳಿಯ ಬುಡಕ್ಕೇ ಹಾಕಿದೆ. ಕೈತೊಳೆದು ಒಳಗೆ ಬಂದು, ಬಾಟಲಿ ಕುದಿಸಲು ಒಲೆಯ ಮೇಲೆ ನೀರಿಟ್ಟೆ.